ಮೈಕು ಕೈಯಲ್ಲಿತ್ತು, ಮಾತು ಹೊರಡಲಿಲ್ಲ

ಪ್ರಶ್ನೆ: ನಾನು 44 ವರ್ಷದ ಎಂಜಿನಿಯರ್. ದಾವಣಗೆರೆ ಕಡೆಯವನು. ಸಂಸಾರ ಸಮೇತ ಅಮೆರಿಕದ ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿದ್ದೇನೆ. ಎರಡು ವರ್ಷದ ಹಿಂದೆ 18 ಅಡಿಯ ಸೆಕೆಂಡ್‌ಹ್ಯಾಂಡ್ ಮೋಟರ್ ಬೋಟ್ ಕೊಂಡೆ. ರಜಾ ದಿನ 11 ವರ್ಷದ ಮಗನನ್ನು ಕರೆದುಕೊಂಡು ಮೀನು ಹಿಡಿಯಲು ಹೋಗುವುದೇ ನನಗೆ ವಾರದ ಸುಖವಾಗಿತ್ತು. ಕಳೆದ ಸೆಪ್ಟೆಂಬರಿನಲ್ಲಿ ಹ್ಯಾಟ್ ದ್ವೀಪದ ಹತ್ತಿರ ದಟ್ಟ ಮಂಜು ಕವಿಯಿತು, ಅದೇ ಹೊತ್ತಿಗೆ ಎಂಜಿನ್ ಕೈಕೊಟ್ಟಿತು. ಫೋನ್ ಒದ್ದೆಯಾಗಿ ಸ್ಕ್ರೀನ್ ಬೆರಳಿಗೆ ಮಣಿಯುತ್ತಿರಲಿಲ್ಲ. ಎಲ್ಲೋ ದೊಡ್ಡ ಹಡಗಿನ ಹಾರ್ನ್ ಕೇಳಿಸುತ್ತಿತ್ತು. ಬೋಟಿನಲ್ಲಿ ಹಿಂದಿನ ಮಾಲೀಕರ ಕಾಲದ ರೇಡಿಯೊ ಇತ್ತು. ಮೈಕು ಕೈಗೆತ್ತಿಕೊಂಡೆ. ಏನು ಹೇಳಬೇಕು, ಹೇಗೆ ಶುರುಮಾಡಬೇಕು ತೋಚಲಿಲ್ಲ. ನನ್ನ ಇಂಗ್ಲಿಷನ್ನು ಎಲ್ಲರೂ ಕೇಳಿಸಿಕೊಳ್ಳುತ್ತಾರಲ್ಲ ಅನ್ನಿಸಿ ವಾಪಸ್ ಇಟ್ಟುಬಿಟ್ಟೆ. ಹಾದುಹೋಗುತ್ತಿದ್ದ ಬೋಟಿನವರೊಬ್ಬರು ಕಂಡು, ಹಗ್ಗ ಕಟ್ಟಿ ಎಳೆದು ದಡ ಸೇರಿಸಿದರು.

ಮನೆಗೆ ಬಂದ ಮೇಲೆ ಮಗ ಅಮ್ಮನಿಗೆ, “ಅಪ್ಪ ಮೈಕ್ ತಗೊಂಡು ವಾಪಸ್ ಇಟ್ಬಿಟ್ರು” ಅಂದ. ನನ್ನಾಕೆ ಭಟ್ಕಳದ ಕಡೆಯವಳು. “ಒಳ್ಳೆ ರೇಡಿಯೊ ಹಾಕಿಸೋವರೆಗೂ ಮಗನ್ನ ಕಳಿಸಲ್ಲ” ಎಂದಳು. ಅಂದಿನಿಂದ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಾಳೆ. ಮಗನೂ ಬೋಟಿನ ಮಾತು ಬಿಟ್ಟಿದ್ದಾನೆ. ನಾನು 14 ಮಾಡೆಲ್‌ಗಳನ್ನು ಎಕ್ಸೆಲ್ ಶೀಟಿನಲ್ಲಿ ಹಾಕಿಕೊಂಡು ತಿಂಗಳುಗಟ್ಟಲೆ ಹೋಲಿಸುತ್ತಿದ್ದೇನೆ. ಒಂದೂ ನಿರ್ಧಾರವಾಗುತ್ತಿಲ್ಲ. ಯಾವುದನ್ನು ಕೊಳ್ಳಲಿ? ನನಗೇನಾಗಿದೆ?
ಹೆಸರು ಬೇಡ, ಎವರೆಟ್

ಉತ್ತರ: ನಿಮಗೆ ಆಗಬಾರದ್ದೇನೂ ಆಗಿಲ್ಲ. ಮೊದಲಿಗೆ ಅದನ್ನು ಹೇಳಿಬಿಡುತ್ತೇನೆ. ಪಕ್ಕದಲ್ಲಿ ಮಗ ಕೂತಿದ್ದಾನೆ, ಕಣ್ಣಿಗೆ ಏನೂ ಕಾಣುತ್ತಿಲ್ಲ, ಹಡಗಿನ ಹಾರ್ನ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದೂ ತಿಳಿಯುತ್ತಿಲ್ಲ. ಅಂಥ ಹೊತ್ತಿನಲ್ಲಿ ಗಂಟಲು ಕಟ್ಟುವುದು ಹೇಡಿತನವಲ್ಲ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ವ್ಯವಹರಿಸುವವರು ಕೂಡ ಗೊತ್ತಿಲ್ಲದವರ ಮುಂದೆ, ಗೊತ್ತಿಲ್ಲದ ರೀತಿಯಲ್ಲಿ ಬಾಯಿ ತೆರೆಯಬೇಕಾದಾಗ ತಡವರಿಸುತ್ತಾರೆ. ಮೀಟಿಂಗಿನಲ್ಲಿ ಮಾತು ತಪ್ಪಿದರೆ ಹತ್ತು ಜನರಿಗೆ ಗೊತ್ತಾದೀತು. ರೇಡಿಯೊದಲ್ಲಿ ತಪ್ಪಿದರೆ ಇಡೀ ಕೊಲ್ಲಿಗೆ ಕೇಳಿಸುತ್ತದೆ ಎಂಬ ಅಳುಕು ನಿಮ್ಮದು. ಅದರ ಮೇಲೆ “ಸಹಾಯ ಬೇಕು” ಎನ್ನುವುದೇ ನಮ್ಮ ಗಂಡಸರಿಗೆ ಕಷ್ಟದ ಮಾತು. ಅಪ್ಪನಾದವನಿಗೆ, ಮಗನ ಎದುರಿನಲ್ಲಿ, ಇನ್ನೂ ಕಷ್ಟ.

ಬೋಟಿಲ್ಲದ ಓದುಗರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬೇಡಿ. ಪರದೇಶದಲ್ಲಿ ಮನೆಯಲ್ಲಿ ಒಬ್ಬರೇ ಇದ್ದಾಗ ಎದೆನೋವು ಬಂದರೂ “ನನ್ನ ಇಂಗ್ಲಿಷ್ ಸರಿಯಿಲ್ಲ” ಎಂದು 911ಕ್ಕೆ ಫೋನ್ ಮಾಡಲು ಹಿಂಜರಿಯುವ ಅತ್ತೆ-ಮಾವಂದಿರ ವಿಷಯ ಈ ಅಂಕಣಕ್ಕೆ ಹೊಸದಲ್ಲ. ಅದೂ ಇದೇ ಭಯ. ಅಲ್ಲಿ ಬಹಳ ಕಡೆ ದುಭಾಷಿಗಳ ಏರ್ಪಾಡು ಇರುತ್ತದೆ. ಭಾಷೆಯ ಹೆಸರನ್ನಷ್ಟೇ ಹೇಳಿದರೂ ಸಾಕು.

ಈಗ ನಿಮ್ಮ ಎಕ್ಸೆಲ್ ಶೀಟಿನ ವಿಷಯಕ್ಕೆ ಬರೋಣ. ಅದರಲ್ಲಿ ವ್ಯಾಟ್ ಎಷ್ಟು, ಬೆಲೆ ಎಷ್ಟು, ನೀರಿನಲ್ಲಿ ಎಷ್ಟು ಹೊತ್ತು ತಾಳುತ್ತದೆ ಎಂಬ ಕಾಲಮ್ಮುಗಳೆಲ್ಲ ಇರಬಹುದು. “ನಾನು ಇದರಲ್ಲಿ ಮಾತಾಡುತ್ತೇನೆಯೇ?” ಎಂಬ ಕಾಲಮ್ ಇರಲಾರದು. ಸೆಪ್ಟೆಂಬರಿನಲ್ಲಿ ನಿಮ್ಮ ಕೈಯಲ್ಲಿ ರೇಡಿಯೊ ಇತ್ತು. ಆದ್ದರಿಂದ ರೇಡಿಯೊ ಇಲ್ಲದ್ದು ಅಂದಿನ ತೊಂದರೆಯಲ್ಲ. ಎಷ್ಟೇ ದುಬಾರಿ ಸೆಟ್ ತಂದರೂ ಬಟನ್ ಒತ್ತುವ ಕೈ ನಿಮ್ಮದೇ ಎಂದು ನಿಮ್ಮ ಒಳಮನಸ್ಸಿಗೆ ಗೊತ್ತು. ಅದಕ್ಕೇ ಅದು ಆಯ್ಕೆಯನ್ನು ಮುಂದೂಡುತ್ತಿದೆ. ಹೋಲಿಸುತ್ತ ಕೂತಷ್ಟು ಕಾಲ ಒತ್ತುವ ಪ್ರಮೇಯ ಬರುವುದಿಲ್ಲವಲ್ಲ! ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಓದಿ ತಿಳಿದು ಭಯವನ್ನು ಗೆಲ್ಲಲು ನೋಡುವುದು ಎಂಜಿನಿಯರರ ಸ್ವಭಾವ. ಇಲ್ಲಿ ಓದಿನಿಂದ ಆಗಬೇಕಾದ್ದು ಆಗಿಹೋಗಿದೆ.

ನಿಮ್ಮ ಪತ್ನಿಗೂ ಇದು ಗೊತ್ತಿದೆ ಎಂದು ನನ್ನ ಊಹೆ. ಅವರು ಭಟ್ಕಳದವರು ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮೀನುಗಾರರೊಂದಿಗೆ ಸಂಪರ್ಕ ಕಳೆದುಕೊಂಡಿತು. ಅವರಲ್ಲಿ ಹೆಚ್ಚಿನವರು ಉತ್ತರ ಕನ್ನಡದವರು. ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಅದರ ಅವಶೇಷ ಸಿಕ್ಕಿದ್ದು ಮರುವರ್ಷದ ಮೇ ತಿಂಗಳಲ್ಲಿ. ಅಷ್ಟೂ ತಿಂಗಳು ಆ ಕರಾವಳಿಯ ಮನೆಗಳು ಏನೊಂದೂ ತಿಳಿಯದೆ ಕಾದವು. ಕಡಲ ದಂಡೆಯಲ್ಲಿ ಬೆಳೆದವರಿಗೆ ಅಲೆಗಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು ಸುದ್ದಿ ಇಲ್ಲದಿರುವುದು. ನಮ್ಮ ಮೀನುಗಾರರು ಬೋಟಿನ ‘ವಯರ್‌ಲೆಸ್’ನಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಕನ್ನಡದಲ್ಲೋ ದಿನವಿಡೀ ಮಾತಾಡುತ್ತಿರುತ್ತಾರೆ. ಮೀನಿನ ಸುದ್ದಿ, ಬಲೆಯ ಸುದ್ದಿ, ಊಟವಾಯಿತೇ ಎಂಬ ವಿಚಾರಣೆ ಎಲ್ಲವೂ ಅದರಲ್ಲೇ. ಅಂಥ ಕಡೆಯಿಂದ ಬಂದವರಿಗೆ, ಮೈಕು ಹಿಡಿದವನು ಸುಮ್ಮನೆ ಕೆಳಗಿಟ್ಟ ಎಂಬ ಮಾತು ಎಲ್ಲಿ ತಾಗಿತೋ ಯೋಚಿಸಿ. “ಇಲ್ಲಿನ ವ್ಯವಸ್ಥೆಯೇ ಬೇರೆ, ಇಲ್ಲಿ ಹಾಗೆಲ್ಲ ಆಗಲ್ಲ” ಎಂದು ದಯವಿಟ್ಟು ಅವರಿಗೆ ಹೇಳಬೇಡಿ. ನಿಮ್ಮ ಕೊಲ್ಲಿಯ ನೀರು ವರ್ಷದ ಬಹುಪಾಲು 7ರಿಂದ 13 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದರಲ್ಲಿ ಬಿದ್ದವರ ಕೈಕಾಲು ಹಿಡಿತದಲ್ಲಿರುವುದು ಸುಮಾರು ಹತ್ತು ನಿಮಿಷ ಎಂದು ತಣ್ಣೀರಿನ ಅಪಾಯ ಬಲ್ಲವರು ಲೆಕ್ಕ ಹೇಳುತ್ತಾರೆ. ಆಕೆಯ ಭಯಕ್ಕೆ ಆಧಾರವಿದೆ.

ಯಾವ ರೇಡಿಯೊ ಎಂದು ಕೇಳಿದ್ದೀರಿ. ಅದನ್ನು ಹೇಳದೆ ಬರೀ ಮನಸ್ಸಿನ ಮಾತಾಡಿದರೆ ನಿಮಗೆ ಸಮಾಧಾನವಾಗದು, ಆದ್ದರಿಂದ ಹೇಳಿಬಿಡುತ್ತೇನೆ. ಬೋಟಿಗೆ ಜೋಡಿಸುವ 25 ವ್ಯಾಟಿನ ವಿಎಚ್‌ಎಫ್ ಸೆಟ್ ಒಂದು. ಅದರಲ್ಲಿ ಡಿಎಸ್‌ಸಿ ವ್ಯವಸ್ಥೆಯ ಕೆಂಪು ತುರ್ತು ಬಟನ್ ಮತ್ತು ಒಳಗೇ ಜಿಪಿಎಸ್ ಇರಲಿ. ಜೊತೆಗೆ ನೀರಿನಲ್ಲಿ ತೇಲುವ, 5 ಅಥವಾ 6 ವ್ಯಾಟಿನ ಕೈಸೆಟ್ ಒಂದು. ಅದು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಬಿದ್ದಿರಬಾರದು, ನಿಮ್ಮ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿರಬೇಕು. ಸ್ಟ್ಯಾಂಡರ್ಡ್ ಹೊರೈಜನ್, ಐಕಾಮ್ ಮುಂತಾದ ಹೆಸರಾಂತ ಕಂಪನಿಗಳ ಯಾವುದನ್ನು ಆರಿಸಿದರೂ ನಿಮ್ಮ ಬೋಟಿಗೆ ಸಾಕು. ನಿಮ್ಮ ಪಟ್ಟಿಯ 14ರಲ್ಲಿ ಈ ಗುಣಗಳಿರುವವನ್ನು ಉಳಿಸಿಕೊಂಡು, ಹತ್ತಿರದ ಅಂಗಡಿಗೆ ಹೋಗಿ, ಮೈಕು ಯಾವುದು ಕೈಗೆ ಹೊಂದುತ್ತದೆ, ಯಾವುದರ ಅಕ್ಷರ ಕನ್ನಡಕವಿಲ್ಲದೆ ಕಾಣುತ್ತದೆ ನೋಡಿ ತನ್ನಿ. ಉಳಿದ ವ್ಯತ್ಯಾಸಗಳಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಆ್ಯಂಟೆನಾದಲ್ಲಿ ಮಾತ್ರ ಕಾಸು ಉಳಿಸಬೇಡಿ. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿಯ ಬಾಗಿನಾಚೆಗೆ ಇಳಿಯುವುದಿಲ್ಲ. ಗದ್ದೆಯ ಬದುವಿನಲ್ಲಿ ನಿಂತವನಿಗಿಂತ ತೆಂಗಿನ ಮರ ಏರಿದವನಿಗೆ ದೂರದ್ದು ಕಾಣುವ ಹಾಗೆ, ಇಲ್ಲಿ ಎತ್ತರದ್ದೇ ಲಾಭ. ಸೀಟಿನಲ್ಲಿ ಕೂತು ಹಿಡಿದ ಕೈಸೆಟ್ ಇನ್ನೊಂದು ಸಣ್ಣ ಬೋಟನ್ನು ತಲುಪುವುದು ಕೆಲವೇ ಮೈಲಿ. ಎಂಟು ಅಡಿಯ ಆ್ಯಂಟೆನಾವನ್ನು ಎತ್ತರದಲ್ಲಿ ನಿಲ್ಲಿಸಿ, ಒಳ್ಳೆಯ ಕೇಬಲ್ ಹಾಕಿಸಿದರೆ ಅದೇ ಮಾತು ಬಹಳ ದೂರ ಹೋಗುತ್ತದೆ. ಕೋಸ್ಟ್ ಗಾರ್ಡಿನ ಗೋಪುರಗಳು ಎತ್ತರದಲ್ಲಿರುವುದರಿಂದ ಅವರಿಗಂತೂ ಕೇಳಿಸುವ ಸಂಭವ ಹೆಚ್ಚು.

ಹಳೆಯ ರೇಡಿಯೊವನ್ನೇ ಇಟ್ಟುಕೊಳ್ಳಬಹುದೇ ಎಂಬ ಯೋಚನೆಯಿದ್ದರೆ ಒಂದು ವಿಷಯ ಗಮನಿಸಿ. ಕೆಂಪು ಬಟನ್ ಒತ್ತಿದಾಗ ಒಂಬತ್ತು ಅಂಕಿಯ ಎಂಎಂಎಸ್‌ಐ ಎಂಬ ಸಂಖ್ಯೆ ಹೊರಡುತ್ತದೆ. ನಿಮ್ಮ ಬೋಟು ಯಾವುದು, ಮನೆಯವರ ಫೋನ್ ಯಾವುದು ಎಂದು ಕೋಸ್ಟ್ ಗಾರ್ಡಿಗೆ ತಿಳಿಯುವುದು ಅದರಿಂದ. ಹಳೇ ಸೆಟ್ಟಿನಲ್ಲಿ ಹಿಂದಿನ ಮಾಲೀಕರ ಸಂಖ್ಯೆ ಹಾಗೇ ಉಳಿದಿದ್ದರೆ, ನೀವು ಮಂಜಿನಲ್ಲಿ ಒತ್ತಿದಾಗ ಫೋನ್ ರಿಂಗಾಗುವುದು ಅವರ ಮನೆಯಲ್ಲಿ! ಎಷ್ಟೋ ಸೆಟ್‌ಗಳಲ್ಲಿ ಈ ಸಂಖ್ಯೆಯನ್ನು ಒಂದೆರಡು ಸಲಕ್ಕಿಂತ ಹೆಚ್ಚು ಬದಲಿಸಲು ಬರುವುದಿಲ್ಲ, ಕಂಪನಿಗೇ ಕಳಿಸಬೇಕಾಗುತ್ತದೆ. ಹೊಸದನ್ನು ಕೊಂಡ ದಿನವೇ ಬೋಟ್‌ಯುಎಸ್‌ನಂಥ ಸಂಸ್ಥೆಯಿಂದ ನಿಮ್ಮ ಹೆಸರಿಗೆ ಸಂಖ್ಯೆ ಪಡೆದು, ಒಂದೊಂದೇ ಅಂಕಿ ನೋಡಿ ತುಂಬಿಸಿ. ಅಮೆರಿಕದ ನೀರಿನೊಳಗೇ ಇದ್ದರೆ ಮನರಂಜನೆಯ ಸಣ್ಣ ಬೋಟಿನ ರೇಡಿಯೊಗೆ ಲೈಸೆನ್ಸ್ ಬೇಕಿಲ್ಲ. ಬೇಸಿಗೆಯಲ್ಲಿ ಕೆನಡಾದ ವಿಕ್ಟೋರಿಯಾ ಕಡೆ ಹೋಗುವ ಆಸೆಯಿದ್ದರೆ ಮಾತ್ರ ಬೋಟಿಗೂ ನಿಮಗೂ ಅಮೆರಿಕದ ಸಂಪರ್ಕ ಆಯೋಗದ (ಎಫ್‌ಸಿಸಿ) ಪರವಾನಗಿ ಬೇಕು. ಎಂಎಂಎಸ್‌ಐ ಸಂಖ್ಯೆಯನ್ನೂ ಆಗ ಆ ಆಯೋಗದಿಂದಲೇ ಪಡೆಯಬೇಕು. ಮೊದಲೇ ಯೋಚಿಸಿಕೊಳ್ಳಿ.

ಇಷ್ಟನ್ನೂ ಬರೆದದ್ದಕ್ಕೆ ಇನ್ನೊಂದು ಕಾರಣವಿದೆ. ಈ ಕೆಂಪು ಬಟನ್ ನಿಮ್ಮಂಥವರಿಗೆ ದೊಡ್ಡ ಆಸರೆ. ಮುಚ್ಚಳ ಎತ್ತಿ ಕೆಲವು ಸೆಕೆಂಡು ಅದುಮಿ ಹಿಡಿದರೆ, ನೀವು ಯಾರು, ಎಲ್ಲಿದ್ದೀರಿ ಎಂಬ ಸಂದೇಶ ಚಾನೆಲ್ 70ರಲ್ಲಿ ತಾನಾಗಿ ಹೋಗುತ್ತದೆ. ಒಂದು ಅಕ್ಷರ ಇಂಗ್ಲಿಷ್ ಬೇಕಿಲ್ಲ. ಬಾಯಿ ಒಣಗಿದ ಹೊತ್ತಿಗೆ ಬೆರಳು ಮಾತಾಡುತ್ತದೆ. ಜೀವಕ್ಕೋ ಬೋಟಿಗೋ ನಿಜವಾದ ಅಪಾಯವಿದ್ದಾಗ ಮಾತ್ರ ಒತ್ತುವಂಥದ್ದು ಅದು. ನಿಮ್ಮ ಮಗನ ಕೈಗೆಟಕುವ ಎತ್ತರದಲ್ಲಿ ಇರಲಿ, ಯಾವಾಗ ಒತ್ತಬೇಕು ಎಂದು ಅವನಿಗೂ ತಿಳಿದಿರಲಿ. ಬಿದ್ದವರು ನೀವೇ ಆದರೆ ಬೋಟಿನಲ್ಲಿ ಉಳಿಯುವವನು ಅವನೊಬ್ಬನೇ.

ಆದರೂ ಮಾತು ಕಲಿಯಲೇಬೇಕು. ನಿಮ್ಮ ಉಚ್ಚಾರಣೆಯನ್ನು ಕೇಳಿ ನಗುವವರು ಯಾರು ಎಂದು ಸ್ವಲ್ಪ ಯೋಚಿಸಿ ನೋಡಿ. ಸಿಯಾಟಲ್, ಟಕೋಮಾ ಬಂದರುಗಳಿಗೆ ಬರುವ ಹಡಗುಗಳ ಸಿಬ್ಬಂದಿ ಫಿಲಿಪ್ಪೀನ್ಸಿನವರು, ಚೀನಾದವರು, ಉಕ್ರೇನಿನವರು, ನಮ್ಮ ದೇಶದವರೂ ಇದ್ದಾರೆ. ರೇಡಿಯೊದ ಆ ಕಡೆ ಕೂತ ಕೋಸ್ಟ್ ಗಾರ್ಡ್ ಹುಡುಗ ಹುಡುಗಿಯರಿಗೆ ನಮ್ಮ ‘ವಿ’ಗೂ ‘ಡಬ್ಲ್ಯು’ಗೂ ವ್ಯತ್ಯಾಸವಿಲ್ಲದ ಇಂಗ್ಲಿಷ್ ದಿನನಿತ್ಯದ್ದು. ಬೇರೆ ಬೇರೆ ಮಾತೃಭಾಷೆಯವರು ಸಮುದ್ರದಲ್ಲಿ ಒಬ್ಬರಿಗೊಬ್ಬರು ಅರ್ಥವಾಗಲಿ ಎಂದೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಸಿದ್ಧವಾಕ್ಯಗಳ ಒಂದು ಸಂಗ್ರಹವನ್ನೇ ಅಂಗೀಕರಿಸಿತು. ಚಿಕ್ಕ ವಾಕ್ಯ, ನಿಧಾನದ ಮಾತು, ಮುಖ್ಯವಾದದ್ದನ್ನು ಎರಡು ಮೂರು ಸಲ ಹೇಳುವುದು: ಅಲ್ಲಿ ಬೇಕಾದ್ದು ಇಷ್ಟೇ. ಚೆಂದದ ಇಂಗ್ಲಿಷನ್ನು ಯಾರೂ ಕೇಳುತ್ತಿಲ್ಲ.

ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಹೇಳಬೇಕಾದ್ದನ್ನು ಬರೆದು, ಪ್ಲಾಸ್ಟಿಕ್ ಹೊದಿಸಿ ರೇಡಿಯೊ ಪಕ್ಕ ಅಂಟಿಸಿ. ಬೋಟಿನ ಹೆಸರು, ಇರುವ ಜಾಗ, ಆಗಿರುವ ತೊಂದರೆ, ಬೋಟಿನಲ್ಲಿರುವವರ ಸಂಖ್ಯೆ. ಬೋಟು ಮುಳುಗುತ್ತಿದ್ದರೆ, ಬೆಂಕಿ ಹತ್ತಿದ್ದರೆ, ಯಾರಾದರೂ ನೀರಿಗೆ ಬಿದ್ದು ಪ್ರಾಣಾಪಾಯವಿದ್ದರೆ ಚಾನೆಲ್ 16ರಲ್ಲಿ “ಮೇಡೇ” ಎಂದು ಮೂರು ಸಲ ಹೇಳಿ ಶುರುಮಾಡುತ್ತಾರೆ. ಆ ಕ್ಷಣಕ್ಕೆ ಜೀವಾಪಾಯವಿಲ್ಲ, ಆದರೆ ನೆರವು ಬೇಕು ಎಂದಾದರೆ “ಪ್ಯಾನ್-ಪ್ಯಾನ್” ಎಂದು ಮೂರು ಸಲ. ಎಂಜಿನ್ ನಿಂತು ಮಂಜಿನಲ್ಲಿ ತೇಲುತ್ತಿದ್ದ ನಿಮ್ಮ ಸೆಪ್ಟೆಂಬರಿನ ದಿನಕ್ಕೆ ಈ ಎರಡನೆಯದು ಸಾಕಿತ್ತು. ಹಡಗು ನಿಮ್ಮ ಮೇಲೇ ಬರುತ್ತಿದೆ ಅನ್ನಿಸಿದ್ದರೆ ಮೊದಲನೆಯದಕ್ಕೂ ಯಾರೂ ನಿಮ್ಮನ್ನು ಬೈಯುತ್ತಿರಲಿಲ್ಲ. ಸುಳ್ಳು ಕರೆ ಅಪರಾಧ, ನಿಜವಾದ ಭಯದಿಂದ ಮಾಡಿದ ಕರೆ ಅಪರಾಧವಲ್ಲ. ಹೇಳಿ ಮುಗಿಸಿದ ಮೇಲೆ ಬಟನ್ ಬಿಡುವುದನ್ನು ಮರೆಯಬೇಡಿ. ಅದುಮಿ ಹಿಡಿದೇ ಇದ್ದರೆ ಅವರ ಉತ್ತರ ನಿಮಗೆ ಕೇಳಿಸುವುದಿಲ್ಲ, ಯಾರೂ ಓಗೊಡುತ್ತಿಲ್ಲ ಎಂದು ಇನ್ನಷ್ಟು ಗಾಬರಿಯಾಗುತ್ತದೆ.

ಫೋನ್ ಇದ್ದೇ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಇರಲಿ, ಬೇಡವೆನ್ನುವುದಿಲ್ಲ. ಫೋನ್ ಒಬ್ಬರಿಗೆ ಮಾತ್ರ ಹೋಗುತ್ತದೆ. ರೇಡಿಯೊ ಅರ್ಧ ಮೈಲಿ ದೂರದ ಏಡಿ ಹಿಡಿಯುವವನಿಗೂ, ಮುಕಿಲ್ಟಿಯೊ-ಕ್ಲಿಂಟನ್ ನಡುವಿನ ಫೆರ್ರಿಗೂ ಕೇಳಿಸಬಲ್ಲದು. ಕೋಸ್ಟ್ ಗಾರ್ಡಿನ ‘ರೆಸ್ಕ್ಯೂ 21’ ವ್ಯವಸ್ಥೆ ದನಿ ಬಂದ ದಿಕ್ಕನ್ನೂ ಗುರುತಿಸುತ್ತದೆ. ನೀವು ಅಳುಕಿದ್ದು ಎಲ್ಲರಿಗೂ ಕೇಳಿಸುತ್ತದೆ ಎಂದು. ಅದರ ಉಪಯೋಗವೇ ಎಲ್ಲರಿಗೂ ಕೇಳಿಸುವುದು.

ಅಭ್ಯಾಸ ಹೀಗಿರಲಿ. ಬೋಟು ದಡದಲ್ಲೇ, ಟ್ರೇಲರಿನ ಮೇಲೇ ಇರುವಾಗ ಸೆಟ್ ಆರಿಸಿಟ್ಟು, ರಟ್ಟು ನೋಡಿಕೊಂಡು ಗಟ್ಟಿಯಾಗಿ ಓದಿ. ನಗು ಬಂದರೆ ನಗಿ. ಆಮೇಲೆ ಸೆಟ್ ಹಚ್ಚಿ, ಸ್ಕ್ವೆಲ್ಚ್ ಗುಂಡಿಯನ್ನು ಬುಸುಗುಡುವ ಸದ್ದು ನಿಲ್ಲುವಷ್ಟು ಮಾತ್ರ ತಿರುಗಿಸಿ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ದೂರದ ಕ್ಷೀಣ ದನಿಯೂ ನಿಂತುಹೋಗುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತ ಕೂತುಕೊಳ್ಳಿ. ಎಲ್ಲರೂ ಎಷ್ಟು ತಡವರಿಸುತ್ತಾರೆ, ಎಷ್ಟು ಸಲ “ಇನ್ನೊಮ್ಮೆ ಹೇಳಿ” ಎನ್ನುತ್ತಾರೆ ಎಂದು ತಿಳಿದರೆ ಅರ್ಧ ಭಾರ ಇಳಿಯುತ್ತದೆ. ಕೊನೆಗೆ, ಬೋಟನ್ನು ನೀರಿಗಿಳಿಸಿ ಜೆಟ್ಟಿಗೆ ಕಟ್ಟಿರುವಾಗ, ಚಾನೆಲ್ 9ರಲ್ಲಿ, 1 ವ್ಯಾಟಿಗೆ ಇಳಿಸಿ, ‘ರೇಡಿಯೊ ಚೆಕ್’ ಕೇಳಿ. ಚಾನೆಲ್ 16ರಲ್ಲಿ ಇದನ್ನು ಮಾಡಬಾರದು, ಅದು ತುರ್ತಿಗೂ ಮೊದಲ ಕರೆಗೂ ಮೀಸಲು. ಯಾರೋ ಅಪರಿಚಿತರು “ಲೌಡ್ ಆ್ಯಂಡ್ ಕ್ಲಿಯರ್” ಎಂದಾರು. ಇದನ್ನು ಮಗನೊಂದಿಗೆ ಮಾಡಿ. ಅವನಿಗೆ ಇದು ಆಟದಂತೆ ಬೇಗ ಬರುತ್ತದೆ, ನಿಮಗಿಂತ ಚೆನ್ನಾಗಿಯೂ ಬರಬಹುದು. ಬರಲಿ ಬಿಡಿ.

ಅದಕ್ಕೂ ಮೊದಲು ಅವನ ಜೊತೆ ಒಂದು ಮಾತು ಆಗಬೇಕಿದೆ. ಅಮ್ಮನಿಗೆ ಹೇಳಿದ್ದರಿಂದಲೇ ಮನೆಯಲ್ಲಿ ಮಾತು ನಿಂತಿತು ಎಂದು ಹನ್ನೊಂದರ ಹುಡುಗ ಅಂದುಕೊಂಡಿರುವ ಸಾಧ್ಯತೆ ಬಹಳ. “ನೀನು ಹೇಳಿದ್ದು ನಿಜ, ಹೇಳಿದ್ದು ಒಳ್ಳೆಯದೇ ಆಯಿತು. ಅವತ್ತು ಅಪ್ಪನಿಗೆ ಭಯವಾಗಿತ್ತು” ಎಂದು ನೇರವಾಗಿ ಹೇಳಿ. ಅವನಿಗೆ ಅಂದು ಏನನ್ನಿಸಿತು ಎಂದು ಕೇಳಿ, ಕೇಳಿದ ಮೇಲೆ ಮಧ್ಯೆ ಬಾಯಿ ಹಾಕಬೇಡಿ. ಅವನ ಲೈಫ್ ಜಾಕೆಟ್ ಮೈಮೇಲೇ ಇರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲವೇನೋ. 19 ಅಡಿಗಿಂತ ಚಿಕ್ಕ ಬೋಟು ಸಾಗುತ್ತಿರುವಾಗ 12 ವರ್ಷದವರೆಗಿನ ಮಕ್ಕಳು ಅದನ್ನು ತೊಟ್ಟಿರಬೇಕೆಂದು ನಿಮ್ಮ ರಾಜ್ಯದ ಕಾನೂನೇ ಇದೆ. ನೀವೂ ತೊಡಿ. ಕೈಸೆಟ್ ಸಿಕ್ಕಿಸಲು ಹೇಗೂ ಬೇಕಲ್ಲ.

ಪತ್ನಿಗೆ ಏನು ಹೇಳುವುದು? ರೇಡಿಯೊದ ಬಿಲ್ಲು ತೋರಿಸಿ ಒಪ್ಪಿಗೆ ಕೇಳಲು ಹೋಗಬೇಡಿ. “ಅವತ್ತು ಮೈಕು ಕೈಯಲ್ಲಿದ್ದೂ ಮಾತಾಡಲಿಲ್ಲ. ನಾಚಿಕೆಗೆ ಮಗನನ್ನು ಅಪಾಯದಲ್ಲಿ ಕೂರಿಸಿದೆ” ಎನ್ನಿ. ನೀವು ನನಗೆ ಇದನ್ನು ಬರೆದಿದ್ದೀರಿ, ಅವರಿಗೆ ಇನ್ನೂ ಹೇಳಿದಂತಿಲ್ಲ. ಅವರು ಅತ್ತರೆ, ರೇಗಿದರೆ, ಸಮರ್ಥನೆಗೆ ಇಳಿಯದೆ ಕೂತಿರಿ. ಬೇರೆ ದಿನ, ಸಮಾಧಾನವಾಗಿರುವಾಗ, ಹೊರಡುವ ಮುನ್ನ ಮನೆಯಲ್ಲಿ ಬರೆದಿಡುವ ಚೀಟಿಯ ಮಾತೆತ್ತಿ: ಯಾವ ಜೆಟ್ಟಿಯಿಂದ ಇಳಿಯುತ್ತೇವೆ, ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ವಾಪಸ್, ಯಾವ ಗಂಟೆ ದಾಟಿದರೆ ಕೋಸ್ಟ್ ಗಾರ್ಡಿಗೆ ಫೋನ್ ಮಾಡಬೇಕು. ಆ ಗಂಟೆಯನ್ನು ಅವರೇ ಗೊತ್ತುಮಾಡಲಿ. ದಡದಲ್ಲಿ ಕಾಯುವವರಿಗೆ ಕೈಯಲ್ಲೊಂದು ಕೆಲಸವಿದ್ದರೆ ಕಾಯುವುದು ಅಷ್ಟು ಹಿಂಸೆಯಾಗುವುದಿಲ್ಲ. ಇಷ್ಟಾದ ಮೇಲೂ ಅವರು “ಮಗ ಬೇಡ” ಎಂದರೆ ಈ ಬೇಸಿಗೆ ನೀವು ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕಳೆದ ವಿಶ್ವಾಸ ತಿರುಗಿ ಬರಲು ಒಂದು ಋತು ಹಿಡಿಯಬಹುದು. ಅದು ಅನ್ಯಾಯವಲ್ಲ.

ಹೊರಗಿನ ನೆರವೂ ಬೇಕು. ರೇಡಿಯೊದ ಬಗ್ಗೆ ನಾನು ಹೇಳಿದ್ದನ್ನು ಬಲ್ಲವರಿಂದ ಒಮ್ಮೆ ಖಚಿತಪಡಿಸಿಕೊಳ್ಳಿ. ಕೋಸ್ಟ್ ಗಾರ್ಡ್ ಆ್ಯಕ್ಸಿಲಿಯರಿಯ ಸ್ವಯಂಸೇವಕರು ನಿಮ್ಮ ಬೋಟನ್ನು ಉಚಿತವಾಗಿ ತಪಾಸಣೆ ಮಾಡಿಕೊಡುತ್ತಾರೆ. ತಪ್ಪು ಕಂಡರೆ ದಂಡ ಹಾಕುವವರಲ್ಲ. ಅವರೂ ಅಮೆರಿಕಾಸ್ ಬೋಟಿಂಗ್ ಕ್ಲಬ್‌ನವರೂ ತರಗತಿ ನಡೆಸುತ್ತಾರೆ. ಸಾಧ್ಯವಾದರೆ ಮೂವರೂ ಹೋಗಿ. ಪತ್ನಿ ಬಾರದಿದ್ದರೆ ಒತ್ತಾಯ ಬೇಡ. ಇನ್ನೊಂದು ವಿಷಯ: ಅವರಿಗೋ ಮಗನಿಗೋ ನಿಮಗೋ ಆ ದಿನ ಕನಸಿನಲ್ಲಿ ಮರುಕಳಿಸುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಹಾರ್ನ್ ಕೇಳಿದರೆ ಮೈ ಬೆವರುತ್ತಿದ್ದರೆ, ಅದನ್ನು ಇಷ್ಟು ತಿಂಗಳಾದ ಮೇಲೂ ತಾನಾಗಿ ಹೋದೀತು ಎಂದು ಬಿಡಬೇಡಿ. ಫ್ಯಾಮಿಲಿ ಡಾಕ್ಟರಿಗೆ ಹೇಳಿ ಆಪ್ತಸಮಾಲೋಚಕರ ಹೆಸರು ಪಡೆಯಿರಿ. ಈಗ ಆನ್‌ಲೈನಿನಲ್ಲಿ ಕನ್ನಡದಲ್ಲೇ ಮಾತಾಡುವವರೂ ಸಿಗುತ್ತಾರೆ.

ಈ ವಾರ ಎರಡೇ ಕೆಲಸ ಮಾಡಿ. ಎಕ್ಸೆಲ್ ಶೀಟ್ ಅಳಿಸಿ, ಸೆಟ್ ತನ್ನಿ. ಚಾನೆಲ್ 9ರಲ್ಲಿ ಒಮ್ಮೆಯಾದರೂ ನಿಮ್ಮ ದನಿಗೆ ಉತ್ತರ ಬರುವ ತನಕ ಮಗನನ್ನು ಕರೆದುಕೊಂಡು ಜೆಟ್ಟಿ ಬಿಟ್ಟು ಹೊರಡಬೇಡಿ. ಉತ್ತರ ಬಂದ ದಿನ ನನಗೂ ಒಂದು ಸಾಲು ಬರೆಯಿರಿ.